ನಾಲ್ಕು ವರ್ಷದ ಟರ್ನ್‌ಟೇಬಲ್: ಮುಳ್ಳಿಗೆ ಖರ್ಚು ಮಾಡಿ, ಕೇಬಲ್‌ಗೆ ಬೇಡ

ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಆಡಿಯೊ-ಟೆಕ್ನಿಕಾ ಎಲ್‌ಪಿ120ಎಕ್ಸ್ ಎಂಬ ಟರ್ನ್‌ಟೇಬಲ್, ಅಂದರೆ ಹಾಡಿನ ಪ್ಲೇಟು (ರೆಕಾರ್ಡ್) ನುಡಿಸುವ ಯಂತ್ರ, ಬಂದು ನಾಲ್ಕು ವರ್ಷವಾಯಿತು. ಮೋಟಾರು ಒಂದು ದಿನವೂ ಕೈಕೊಟ್ಟಿಲ್ಲ, ಯಂತ್ರದ ಬಗ್ಗೆ ಇಷ್ಟು ಸಾಕು. ಆಮೇಲೆ ಅದಕ್ಕೆ ಸುರಿದ ದುಡ್ಡಿನಲ್ಲಿ ಯಾವುದು ದಕ್ಕಿತು, ಯಾವುದು ದಂಡವಾಯಿತು ಅನ್ನುವುದೇ ಇಲ್ಲಿನ ವಿಷಯ.

ದಂಡದ್ದೇ ಮೊದಲು. ಆರನೇ ತಿಂಗಳಲ್ಲಿ ಚಿನ್ನದ ಬಣ್ಣದ ಪಿನ್ ಇರುವ ದುಬಾರಿ ಕೇಬಲ್ ತರಿಸಿದೆ. ಪಡವಲಕಾಯಿ ಹಾಗೆ ದಪ್ಪಗಿತ್ತು. ಯಾವುದು ಹಳೆಯದು, ಯಾವುದು ಹೊಸದು ಅಂತ ಹೇಳದೆ ಬದಲಿಸಿ ಬದಲಿಸಿ ಹೆಂಡತಿಗೆ ಕೇಳಿಸಿದೆ. "ಎರಡೂ ಒಂದೇ ಅದಾವಲ್ರೀ" ಅಂದಳು. ನನಗೂ ಹಾಗೇ ಕೇಳಿಸಿತ್ತು. ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.

ಅತಿ ಅಗ್ಗದಲ್ಲಿ ಜಾಸ್ತಿ ಲಾಭ ಕೊಟ್ಟಿದ್ದು ಮುಳ್ಳು ಪ್ಲೇಟಿನ ಮೇಲೆ ಊರುವ ಭಾರ ನೋಡುವ ಪುಟ್ಟ ಡಿಜಿಟಲ್ ತಕ್ಕಡಿ. ಟರ್ನ್‌ಟೇಬಲ್ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್‌ಗೆ, ಅಂದರೆ ಮುಳ್ಳು ಸಿಕ್ಕಿಸುವ ಪುಟ್ಟ ಭಾಗಕ್ಕೆ, 2 ಗ್ರಾಂ ಭಾರ ಬೇಕು. ನಾನು ಅಂದಾಜಿನಲ್ಲಿ ಇಟ್ಟಿದ್ದು ಒಂದೂವರೆ. ಹಗುರ ಇದ್ದರೆ ಪ್ಲೇಟಿಗೆ ಒಳ್ಳೆಯದು ಅಂದುಕೊಂಡಿದ್ದೆ. ಉಲ್ಟಾ! ಹಗುರಾದ ಮುಳ್ಳು ಪ್ಲೇಟಿನಲ್ಲಿ ಹಾಡು ಕೊರೆದಿರುವ ಗೀರಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಜೋರು ದನಿ ಬಂದರೆ ಕುಣಿದು ಗೀರಿನ ಗೋಡೆ ಕೆರೆಯುತ್ತದೆ. 2ಕ್ಕೆ ತಂದ ಸಂಜೆಯೇ ಅರ್ಧ ಕಿರಿಕಿರಿ ಹೋಯಿತು.

ಇನ್ನೊಂದು ಕಾಟ, ಮಗ ಓಡಿದರೆ ಮುಳ್ಳು ಹಾರುತ್ತಿತ್ತು. ಸ್ಪೀಕರ್‌ಗಳೂ ಟರ್ನ್‌ಟೇಬಲ್ ಇದ್ದ ಟೀಪಾಯಿ ಮೇಲೇ ಇದ್ದವು, ಸೌಂಡ್ ಜಾಸ್ತಿ ಮಾಡಿದರೆ ಗುಂಯ್ ಅನ್ನುತ್ತಿತ್ತು. ಸ್ಪೀಕರ್ ಕೆಳಗಿಳಿಸಿದೆ, ಅದಕ್ಕೆ ಖರ್ಚಿಲ್ಲ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಕಡಪ ಕಲ್ಲನ್ನು ಗೋಡೆಗೆ ಆಂಗಲ್ ಹೊಡೆಸಿ ಕೂರಿಸಿ, ಟರ್ನ್‌ಟೇಬಲ್ ಅದರ ಮೇಲಿಟ್ಟೆ. ಈಗ ಮಗ ಮನೆಯೊಳಗೇ ಕ್ರಿಕೆಟ್ ಆಡಿದರೂ ಹಾಡು ನಿಲ್ಲುವುದಿಲ್ಲ.

ನಮ್ಮೂರ ಧೂಳು ನಿಮಗೆ ಗೊತ್ತಲ್ವಾ. ಬೆಳಿಗ್ಗೆ ಒರೆಸಿದ್ದು ಸಂಜೆಗೆ ಕೆಂಪಗಾಗುತ್ತದೆ. ಮುಚ್ಚಳದ ಮೇಲೆ ಜೀನ್ಸ್ ಬಟ್ಟೆಯ ಗವಸು ಹೊಲಿಸಿದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೇನು ಬರ, ಉಳಿದ ತುಂಡಿನಲ್ಲೇ ಆಯಿತು. ಪ್ಲೇಟು ತೊಳೆಯಲು ಬೋರ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಉಪ್ಪು ಗೀರಿನಲ್ಲೇ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ತನ್ನಿ.

ದುಡ್ಡು ಬಿಚ್ಚಬೇಕಾದದ್ದು ಮುಳ್ಳಿಗೆ. ಜೊತೆಗೆ ಬಂದ ಮುಳ್ಳಿಗೆ ಕಂಪನಿ ಹೇಳುವ ಆಯುಷ್ಯ 300 ಗಂಟೆ. ದಿನಕ್ಕೊಂದು ಎಲ್‌ಪಿ, ಅಂದರೆ ಸುಮಾರು 40 ನಿಮಿಷ ಅಂತ ಹಿಡಿದರೆ ಒಂದೂಕಾಲು ವರ್ಷ. ನಾನು ಗೋಡೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಬಂದೆ. ಮುಗಿದಾಗ ಅದೇ ಮುಳ್ಳು ತರಲಿಲ್ಲ, 95ಎಂಎಲ್ ಎಂಬ ಮೈಕ್ರೊಲೈನ್, ಅಂದರೆ ಇನ್ನೂ ನಯವಾದ ತುದಿಯ, ಮುಳ್ಳು ತರಿಸಿದೆ. ಕಾರ್ಟ್ರಿಜ್ ಬದಲಿಸುವ ಗೋಜಿಲ್ಲ, ಹಳೆಯದನ್ನು ಎಳೆದು ತೆಗೆದು ಹೊಸದನ್ನು ಸಿಕ್ಕಿಸಿದರೆ ಮುಗಿಯಿತು. ಬೆಲೆ ಸುಮಾರು ಮೂರು ಪಟ್ಟು. ಸೋದರಮಾವ ಕೇಳಿ "ಮುಳ್ಳಿಗೆ ಇಷ್ಟು ರೊಕ್ಕಾ ಏನಪಾ!" ಅಂದರು. ಆದರೆ ಆಯುಷ್ಯ 1000 ಗಂಟೆ. ಗಂಟೆಯ ಲೆಕ್ಕದಲ್ಲಿ ನನಗೆ ಲುಕ್ಸಾನೇನೂ ಇಲ್ಲ.

ಇದರ ಗುಣ ತಿಳಿಯುವುದು ಪ್ಲೇಟಿನ ಕೊನೆಯ ಹಾಡಿನಲ್ಲಿ. ಒಳಕ್ಕೆ ಹೋದ ಹಾಗೆ ಸುತ್ತು ಚಿಕ್ಕದಾಗುತ್ತದೆ, ಅಷ್ಟೇ ಹೊತ್ತಿನ ಹಾಡು ಕಡಿಮೆ ಜಾಗದಲ್ಲಿ ತುರುಕಿರುತ್ತದೆ. ಮೊದಲಿನ ಮುಳ್ಳಿನಲ್ಲಿ ಅಲ್ಲಿ "ಸ", "ಶ" ಎಲ್ಲಾ ಒಗ್ಗರಣೆ ಸಿಡಿದ ಹಾಗೆ ಕೇಳುತ್ತಿದ್ದವು. ಈಗ ಅಕ್ಷರ ಅಕ್ಷರವಾಗಿಯೇ ಬರುತ್ತದೆ. ಹಾಗಂತ ಗೀಚಿದ ಪ್ಲೇಟನ್ನು ಇದು ಸರಿ ಮಾಡುವುದಿಲ್ಲ. ಟಕ್ ಟಕ್ ಇದ್ದರೆ ಅದೂ ಸ್ಪಷ್ಟವಾಗಿಯೇ ಕೇಳುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನಿಂದ ಮಾಡಿದ ಅಪ್ಪನ ಹಳೆಯ ನಾಟಕದ ಪ್ಲೇಟುಗಳು ಇನ್ನೂ ಟ್ರಂಕಿನಲ್ಲೇ ಇವೆ. ಈ ಯಂತ್ರ 78ರಲ್ಲೂ ತಿರುಗುತ್ತದೆ, ಆದರೆ ಅವುಗಳ ಗೀರು ಅಗಲ, ದಪ್ಪ ತುದಿಯ ಬೇರೆ ಮುಳ್ಳೇ ಬೇಕು. ಸದ್ಯಕ್ಕೆ ಒಣ ಬಟ್ಟೆಯಿಂದ ಒರೆಸಿ ಇಟ್ಟಿದ್ದೇನೆ. ಸ್ಪಿರಿಟ್ ಹಾಕಿದರೆ ಅರಗು ಕರಗುತ್ತದೆ. ಮುಳ್ಳಿನ ರೊಕ್ಕದ ಸುದ್ದಿ ಮಾವನಿಗೆ ಈ ಸಲ ಹೇಳುವುದಿಲ್ಲ.