ಕಟ್ಟವೋ, ಬೋರ್‌ವೆಲ್ಲೋ? ಕಾಸರಗೋಡಿನ ಅಡಿಕೆ ತೋಟದವರಿಗೆ

ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿದರೂ ಹೆಚ್ಚಿನದು ಜೂನ್–ಸೆಪ್ಟೆಂಬರಿನಲ್ಲೇ ಕಡಲು ಸೇರುತ್ತದೆ. ಬೇಸಿಗೆಗೆ ನೀರೆಲ್ಲಿಂದ? ತೋಡಿಗೆ (ಹಳ್ಳಕ್ಕೆ) ಅಡ್ಡ ಹಾಕುವ ತಾತ್ಕಾಲಿಕ ಒಡ್ಡು, ಅಂದರೆ ಕಟ್ಟದಿಂದಲೋ, ಬೋರ್‌ವೆಲ್ಲಿನಿಂದಲೋ?

ಬೋರ್‌ವೆಲ್ ಆದರೆ ನೆರೆಯವರ ಒಮ್ಮತಕ್ಕೆ ಕಾಯದೆ ಬೇಗ ಕೊರೆಸಬಹುದು. ಅನುಕೂಲ ಅಷ್ಟೇ. ಮಳೆ ನಿಂತಮೇಲೆ ತೋಡನ್ನು ಹರಿಸುವುದು ನೆಲದೊಳಗಿಂದ ಒಸರುವ ನೀರು. ಅಂತರ್ಜಲವನ್ನು ಅತಿಯಾಗಿ ಎತ್ತಿದರೆ ಆ ಒಸರೂ ಸೊರಗುತ್ತದೆ.

ಕಟ್ಟದ ರೀತಿ ಬೇರೆ. ತೋಡಿನ ರಭಸ ಇಳಿದಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ, ಈಗೀಗ ಪ್ಲಾಸ್ಟಿಕ್ ಹಾಳೆಯಿಂದ ಅಡ್ಡ ಕಟ್ಟುತ್ತಾರೆ. ನಿಂತ ನೀರು ಇಂಗಿ ಅಕ್ಕಪಕ್ಕದ ಬಾವಿ, ಕೆರೆಗಳಿಗೂ ಜೀವ ಬರುತ್ತದೆ. ಜಿಲ್ಲೆಯ ಏತಡ್ಕ ಊರಿನಲ್ಲಿ ಕಟ್ಟುವಂತೆ ಒಂದರ ಕೆಳಗೊಂದು ಸಾಲಾಗಿದ್ದರೇ ಪೂರ್ಣ ಫಲ, ಮತ್ತು ಮೇಲಿನವರು ಕೆಳಗಿನವರಿಗೆ ಹರಿವು ಬಿಡಲೇಬೇಕು. ವರ್ಷವರ್ಷವೂ ಆಳು, ಖರ್ಚು, ನೆರೆಯವರ ಒಮ್ಮತ ಬೇಕು. ನಿಜವಾದ ಕಷ್ಟ ಈ ಒಮ್ಮತದ್ದೇ. ಆದರೂ ತೋಡಿನ ಬದಿಯ ತೋಟಕ್ಕೆ ನಾನು ಹೇಳುವುದು ಕಟ್ಟವನ್ನೇ. ಗುಡ್ಡದ ಮೇಲಿನವರಿಗೆ ಇದು ಎಟಕದು. ಅವರು ಸುರಂಗ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಿಲ), ಮದಕ (ಮಳೆನೀರು ನಿಲ್ಲಿಸುವ ಗುಡ್ಡದ ಕೆರೆ)ಗಳನ್ನು ನೋಡಲಿ.

ಯಾವುದನ್ನೇ ಆರಿಸಿ, ಸ್ಪ್ರಿಂಕ್ಲರ್ ಬಿಟ್ಟು ಹನಿ ನೀರಾವರಿ ಹಾಕಿಸಿ. ಮರವೊಂದಕ್ಕೆ ದಿನಕ್ಕೆ 16–20 ಲೀಟರ್ ಸಾಕು. ಸ್ಪ್ರಿಂಕ್ಲರ್ ನೀರು ಮರಗಳ ನಡುವಿನ ಖಾಲಿ ನೆಲಕ್ಕೂ ಬಿದ್ದು ಹೋಗುತ್ತದೆ.