ಗೃಹಸಾಲಕ್ಕೆ ವಿಮೆ: ಬ್ಯಾಂಕಿನದೋ, ನಿಮ್ಮದೇ ಟರ್ಮ್ ಪಾಲಿಸಿಯೋ?

ಕುಶಾಲನಗರದಲ್ಲಿ ಮನೆ ಕೊಳ್ಳಲು 30 ಲಕ್ಷ ಸಾಲ. ಸಹಿ ಹಾಕುವ ಕಾಗದಗಳ ನಡುವೆ ವಿಮೆಯದೂ ಒಂದಿದ್ದರೆ, ಅದು ಯಾರನ್ನು ಕಾಯುತ್ತದೆ ಎಂದು ಮೊದಲು ಕೇಳಿ. ಮಾರ್ಟ್‌ಗೇಜ್ ಗ್ಯಾರಂಟಿಯಾದರೆ ಬ್ಯಾಂಕನ್ನು: ಕಂತು ನಿಂತಾಗ ಬ್ಯಾಂಕಿನ ನಷ್ಟ ತುಂಬುತ್ತದೆ, ನಿಮ್ಮ ಬಾಕಿ ಹಾಗೇ ಉಳಿಯುತ್ತದೆ. ಆದಾಯದ ದಾಖಲೆ ಗಟ್ಟಿಯಿಲ್ಲದವರಿಗೆ ಸಾಲ ಸಿಗಲು ನೆರವಾದೀತು, ಅಷ್ಟೇ.

ಸಾಲಗಾರ ತೀರಿಕೊಂಡರೆ ಮನೆಯವರಿಗೆ ಆಗುವುದು ಉಳಿದೆರಡು: ಬ್ಯಾಂಕು ಸಾಲಕ್ಕೆ ಅಂಟಿಸುವ ಜೀವವಿಮೆ, ಇಲ್ಲವೇ ನೀವೇ ಬೇರೆಯಾಗಿ ಕೊಳ್ಳುವ ಟರ್ಮ್ ಪಾಲಿಸಿ, ಅಂದರೆ ಗೊತ್ತಾದ ಅವಧಿಯೊಳಗೆ ತೀರಿಕೊಂಡರೆ ಹಣ ಕೊಡುವ ಜೀವವಿಮೆ.

ಖರ್ಚು ನೋಡಿ. ಸಾಲಕ್ಕೆ ಅಂಟಿಸುವ ವಿಮೆಯ ಪ್ರೀಮಿಯಂ ಸಾಮಾನ್ಯವಾಗಿ ಒಂದೇ ಗಂಟು, ಅದನ್ನೂ ಸಾಲಕ್ಕೇ ಸೇರಿಸುತ್ತಾರೆ. 1 ಲಕ್ಷ ಸೇರಿಸಿದರೆ ಶೇ 8.5 ಬಡ್ಡಿಯಲ್ಲಿ ತಿಂಗಳಿಗೆ ಸುಮಾರು 868 ರೂಪಾಯಿ. 20 ವರ್ಷಕ್ಕೆ 2.08 ಲಕ್ಷ! ಟರ್ಮ್ ಪಾಲಿಸಿಗೆ ವರ್ಷವರ್ಷ ಕಟ್ಟಬಹುದು. ಕಾಫಿ ಮಾರಿದ ಹಣ ಕೈಗೆ ಬರುವ ತಿಂಗಳಿಗೆ ಕಂತು ಹೊಂದಿಸಿಕೊಳ್ಳಿ, ತಪ್ಪಿ, ಕಟ್ಟಲು ಕೊಡುವ ಹೆಚ್ಚುವರಿ ದಿನಗಳೂ ಮೀರಿದರೆ ಪಾಲಿಸಿ ರದ್ದಾಗುತ್ತದೆ.

ಬ್ಯಾಂಕಿನ ವಿಮೆಯ ಮೊತ್ತ ಸಾಮಾನ್ಯವಾಗಿ ಸಾಲದ ಜೊತೆ ಇಳಿಯುತ್ತದೆ, ಹಣ ಮೊದಲು ಸಾಲಕ್ಕೇ ಜಮಾ. ಟರ್ಮ್‌ನಲ್ಲಿ ಪೂರ್ತಿ ಮೊತ್ತ ನಾಮಿನಿಗೆ. ಸಾಲ ಬೇರೆ ಬ್ಯಾಂಕಿಗೆ ಹೋದರೂ ಪಾಲಿಸಿ ನಿಮ್ಮದೇ.

ಚಿಕ್ಕ ವಯಸ್ಸು, ಆರೋಗ್ಯ ಸರಿಯಿದ್ದರೆ ಟರ್ಮ್. ವಯಸ್ಸು ಮೀರಿ ಟರ್ಮ್ ದುಬಾರಿಯಾದವರಿಗೆ, ವರ್ಷವರ್ಷ ಕಟ್ಟಲು ಮರೆಯುವವರಿಗೆ ಬ್ಯಾಂಕಿನದು. ಎರಡರಲ್ಲೂ ಬಿಪಿ, ಶುಗರ್ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾದೀತು.

2018ರ ಆಗಸ್ಟ್‌ನ ಭೂಕುಸಿತ ಕಂಡ ಕೊಡಗಿನವರಿಗೆ ಇನ್ನೊಂದು ಮಾತು: ಗುಡ್ಡ ಕುಸಿದು ಮನೆ ಹೋದರೆ ಇವು ಯಾವುವೂ ಕೊಡುವುದಿಲ್ಲ. ಅದಕ್ಕೆ ಭೂಕುಸಿತ ಸೇರಿದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಪ್ರತ್ಯೇಕವಾಗಿ ಬೇಕು.