ಪಿಯಾನೋ ಕ್ಲಾಸಿಗೆ ಒಟ್ಟಿಗೆ ಫೀಸು ಕಟ್ಟುವ ಮುಂಚೆ ಇದನ್ನು ಓದಿ

ಮನೆಗೆ ಬಂದು ಪಿಯಾನೋ ಹೇಳಿಕೊಡುವವರನ್ನು ಮಕ್ಕಳಿಗೋ ನಿಮಗೋ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನಲ್ಲಿ ನಮಗೆ ಆದದ್ದು ಇದು. ದುಡ್ಡು ಹೋದದ್ದು ಒಂದು ಕಡೆ. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಮಗಳ ವಿಷಯಕ್ಕೆ. ಹತ್ತಿರ ಹತ್ತಿರ ಒಂದು ವರ್ಷ ಅವಳು ಆಸೆಯಿಂದ ಕೂತು ಕಲಿತಳು. ಆದರೆ ಅವಳಿಗೆ ಹೇಳಿಕೊಟ್ಟದ್ದು ಪಿಯಾನೋ ಅಲ್ಲವೇ ಅಲ್ಲ.

ಮೇಷ್ಟ್ರ ಹೆಸರು ಬರೆಯುವುದಿಲ್ಲ. ಅವರೊಬ್ಬರೇ ಆಗಿದ್ದರೆ ಇಷ್ಟು ಬರೆಯುತ್ತಲೂ ಇರಲಿಲ್ಲ. ಆಮೇಲೆ ಬೇರೆ ಅಪ್ಪ ಅಮ್ಮಂದಿರ ಹತ್ತಿರ ಮಾತಾಡಿದಾಗ ಬೇರೆ ಬೇರೆ ಏರಿಯಾಗಳಲ್ಲಿ, ಬೇರೆ ಬೇರೆ ಜನರಿಂದ ಇದೇ ಥರದ ಕಥೆ ಕೇಳಿಬಂತು. ಅದಕ್ಕೇ ಹೆಸರಿಗಿಂತ ಅವರು ಮಾಡುವ ರೀತಿ ನಿಮಗೆ ಗೊತ್ತಿರಲಿ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಅವರ ನಂಬರ್ ಹಾಕಿದ್ದರು. ಗ್ರೇಡ್ 8 (ಸಂಗೀತ ಪರೀಕ್ಷೆಯ ಎಂಟನೇ ಮೆಟ್ಟಿಲು) ಮುಗಿಸಿದ್ದಾರೆ, ಮನೆಗೇ ಬರುತ್ತಾರೆ ಅಂತ ಇತ್ತು. ಈ ಊರಿನ ಟ್ರಾಫಿಕ್‌ನಲ್ಲಿ ಮನೆಗೇ ಬರುತ್ತಾರೆ ಅಂದರೆ ಅರ್ಧ ಒಪ್ಪಿಗೆ ಅಲ್ಲೇ ಸಿಕ್ಕಿಬಿಡುತ್ತದೆ. ಬಂದರು, ಚೆನ್ನಾಗಿ ಮಾತಾಡಿದರು, ಒಂದು ಸಿನಿಮಾ ಹಾಡು ನುಡಿಸಿ ತೋರಿಸಿದರು. ಮಗಳ ಕಣ್ಣು ಅಗಲವಾಯಿತು. ಹೊರಡುವಾಗ "ಆರು ತಿಂಗಳದ್ದು ಒಟ್ಟಿಗೆ ಕೊಟ್ಟರೆ ಒಂದು ತಿಂಗಳದ್ದು ಬಿಡ್ತೀನಿ ಮೇಡಂ" ಅಂದರು. ಯಾವ ಅಂಗಡಿಯಲ್ಲಿ ಯಾವ ಕೀಬೋರ್ಡ್ ತಗೋಬೇಕು ಅನ್ನುವುದನ್ನೂ ಅವರೇ ಹೇಳಿದರು. 61 ಕೀಗಳದ್ದು. ಪಿಯಾನೋ ಕಲಿಯೋಕೆ ಇದು ಸಾಕಾ ಸರ್ ಅಂತ ಕೇಳಿದ್ದಕ್ಕೆ, "ಗ್ರೇಡ್ 5ರ ತನಕ ಯೋಚನೆನೇ ಮಾಡಬೇಡಿ" ಅಂದರು.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ತುಂಬಾ ಜನರಿಗೆ ಪಿಯಾನೋ, ಕೀಬೋರ್ಡ್ ಎರಡೂ ಒಂದೇ. ಪಿಯಾನೋದಲ್ಲಿ 88 ಕೀಗಳಿರುತ್ತವೆ. ಒಂದೊಂದು ಕೀ ಒತ್ತಿದಾಗಲೂ ಒಳಗೆ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ಹಾಗಾಗಿ ಕೀಗೆ ಒಂದು ತೂಕ ಇರುತ್ತದೆ, ಮೆಲ್ಲಗೆ ಒತ್ತಿದರೆ ಮೆಲ್ಲನೆ ದನಿ, ಜೋರಾಗಿ ಒತ್ತಿದರೆ ಜೋರು ದನಿ. ಬೆರಳಿಗೆ ಶಕ್ತಿ ಬರುವುದೂ, ಹಿಡಿತ ಬರುವುದೂ ಈ ತೂಕದಿಂದಲೇ. ಮನೆಯಲ್ಲಿ ನಿಜವಾದ ಪಿಯಾನೋ ಇಡಲು ಆಗದಿದ್ದರೆ 88 ವೆಯ್ಟೆಡ್ ಕೀ (ಅದೇ ಥರ ತೂಕದ ಕೀ) ಇರುವ ಡಿಜಿಟಲ್ ಪಿಯಾನೋ ಸಿಗುತ್ತದೆ. ಕೀಬೋರ್ಡ್ ಬೇರೆಯದೇ ವಾದ್ಯ. ಅದರಲ್ಲಿ ಎಡಗೈಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರ) ಹಿಡಿದರೆ ಸಾಕು, ತಾಳ, ಬೇಸ್ ಎಲ್ಲ ಮೆಷಿನ್ನೇ ನುಡಿಸುತ್ತದೆ. ಕೀಬೋರ್ಡ್ ಕಲಿಯುವುದರಲ್ಲಿ ತಪ್ಪೇನೂ ಇಲ್ಲ, ಅದೂ ಒಂದು ವಿದ್ಯೆಯೇ. ಸಂಗೀತ ಪರೀಕ್ಷೆ ನಡೆಸುವ ಬೋರ್ಡಾದ ಟ್ರಿನಿಟಿ ಕಾಲೇಜ್ ಲಂಡನ್‌ನವರು ಎಲೆಕ್ಟ್ರಾನಿಕ್ ಕೀಬೋರ್ಡ್‌ಗೆ ಬೇರೆ ಸಿಲಬಸ್, ಪಿಯಾನೋಗೆ ಬೇರೆ ಸಿಲಬಸ್ ಇಟ್ಟಿದ್ದಾರೆ. ಒಂದಕ್ಕೆ ತಯಾರಾದ ಮಗು ಇನ್ನೊಂದರ ಪರೀಕ್ಷೆಗೆ ಹಾಗೇ ಹೋಗಿ ಕೂರುವಂತಿಲ್ಲ. ನಮ್ಮ ಮೇಷ್ಟ್ರು ಫೀಸು ಇಸ್ಕೊಂಡದ್ದು ಪಿಯಾನೋ ಅಂತ. ಕಲಿಸಿದ್ದು ಕೀಬೋರ್ಡ್, ಅದನ್ನೂ ಅರೆಬರೆ.

ಮೊದಲ ವಾರದಲ್ಲೇ ಕೀಗಳ ಮೇಲೆಲ್ಲ ಬಣ್ಣದ ಸ್ಟಿಕ್ಕರ್ ಬಂತು. ಸಿ, ಡಿ, ಇ ಅಂತ ಸ್ವರಗಳ ಹೆಸರು. ಶುರುವಿನಲ್ಲಿ ಚಿಕ್ಕ ಮಕ್ಕಳಿಗೆ ಅಂಟಿಸುತ್ತಾರೆ, ಅದು ಸರಿ. ಆದರೆ ಇವರು ತೆಗೆಯಲೇ ಇಲ್ಲ. ಪುಸ್ತಕ ತರಿಸಿದರು, ಒಂದು ದಿನವೂ ತೆರೆಸಲಿಲ್ಲ. ಫೋನನ್ನು ಮುಂದೆ ಇಟ್ಟು, ಬಣ್ಣದ ಪಟ್ಟಿಗಳು ಮೇಲಿಂದ ಬೀಳುವ ವಿಡಿಯೋ ಹಾಕಿ, ಅದನ್ನು ನೋಡಿಕೊಂಡು ಒತ್ತು ಅನ್ನುತ್ತಿದ್ದರು. ಅವಳು ಕೂತು ಒತ್ತುತ್ತಿದ್ದರೆ ಇವರು ಸೋಫಾದಲ್ಲಿ ಮೆಸೇಜ್ ನೋಡುತ್ತಿದ್ದರು. ಹಾಡುಗಳು ಮಾತ್ರ ಬೇಗ ಬೇಗ ಬಂದವು. ಹಬ್ಬಕ್ಕೆ ಬಂದ ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಹಾಡು ಕೇಳಿದರೆ ಚೆನ್ನಾಗಿಯೇ ಇತ್ತು, ಸಂಗೀತ ಗೊತ್ತಿಲ್ಲದ ಮನೆಯಲ್ಲಿ ಅದಕ್ಕಿಂತ ಒಳಗೆ ಏನಿದೆ ಅಂತ ಯಾರಿಗೆ ಕಾಣಬೇಕು?

ಕಂಡದ್ದು ಮೂರನೇ ಫ್ಲೋರಿನ ಅಂಕಲ್‌ಗೆ. ಅವರು ಚರ್ಚಿನಲ್ಲಿ ಎಷ್ಟೋ ವರ್ಷ ಆರ್ಗನ್ ನುಡಿಸಿದವರು, ಮನೆಯಲ್ಲಿ ಹಳೆಯ ಅಪ್‌ರೈಟ್ ಪಿಯಾನೋ ಇದೆ. "ಬಾ ಪುಟ್ಟಿ, ಏನ್ ಕಲಿತಿದ್ದೀಯ ನುಡಿಸು" ಅಂದರು. ಅವಳು ಸ್ಟೂಲಿನ ಮೇಲೆ ಕೂತು ಸುಮ್ನೆ ಕೀಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಇದರಲ್ಲಿ ಹೆಸರೇ ಇಲ್ಲ" ಅಂದಳು. ಅಂಕಲ್ ನಗಲಿಲ್ಲ. ಸಿ ಮೇಜರ್ ಸ್ಕೇಲ್, ಅಂದರೆ ಸಿಯಿಂದ ಮುಂದಿನ ಸಿಯ ತನಕ ಎಂಟು ಸ್ವರ ಸಾಲಾಗಿ ನುಡಿಸಲು ಹೇಳಿದರು. ಅವಳು ಒಂದೇ ತೋರುಬೆರಳಿನಲ್ಲಿ ಎಂಟೂ ಸ್ವರ ಒತ್ತಿದಳು, ಉಳಿದ ಬೆರಳುಗಳು ಗಾಳಿಯಲ್ಲಿ ಬಿಗಿಯಾಗಿ ನಿಂತಿದ್ದವು. ಅಂಕಲ್ ಅವಳ ಕೈ ಹಿಡಿದು ತೋರಿಸಿದರು. ಹೆಬ್ಬೆರಳು ಒಂದು, ತೋರುಬೆರಳು ಎರಡು, ನಡುಬೆರಳು ಮೂರು. ಸಿ, ಡಿ, ಇ ಆದಮೇಲೆ ಹೆಬ್ಬೆರಳು ಕೈಯ ಅಡಿಯಿಂದ ನುಸುಳಿ ಎಫ್‌ಗೆ ಬರಬೇಕು, ಅಲ್ಲಿಂದ ಮತ್ತೆ ಒಂದರಿಂದ ಐದು. ಪಿಯಾನೋ ಮುಟ್ಟಿದ ಮಗುವಿಗೆ ಶುರುವಿನಲ್ಲೇ ಹೇಳಿಕೊಡುವ ಪಾಠ ಇದು. ಅವಳು ಅವತ್ತೇ ಮೊದಲು ನೋಡಿದ್ದು. ಆಮೇಲೆ ಪುಸ್ತಕದಲ್ಲಿ ಒಂದು ಸಾಲು ತೋರಿಸಿ ಓದು ಅಂದರು. ಒಂದು ಸ್ವರವೂ ಗೊತ್ತಾಗಲಿಲ್ಲ. ಲಿಫ್ಟಿನಲ್ಲಿ ಅವಳು ಅಳಲು ಶುರು ಮಾಡಿದಳು. ತನಗೆ ಬರುವುದಿಲ್ಲ, ತಾನು ದಡ್ಡಿ ಅಂತ. ಆ ಮೇಷ್ಟ್ರ ಮೇಲೆ ನನಗೆ ಕೋಪ ಬಂದದ್ದು ಆ ಮಾತು ಕೇಳಿ.

ಇಷ್ಟರೊಳಗೆ ಪರೀಕ್ಷೆ ಫೀಸು ಅಂತ ಬೇರೆ ದುಡ್ಡು ಇಸ್ಕೊಂಡಿದ್ದರು. ನೇರವಾಗಿ ಗ್ರೇಡ್ 2 ಕಟ್ಟಿಸುತ್ತೇನೆ, ಹೆಸರು ಕಳಿಸಿದ್ದೇನೆ ಅಂದಿದ್ದರು. ತಾರೀಕು ಕೇಳಿದಾಗಲೆಲ್ಲ ಮುಂದಿನ ಸೆಷನ್ ಅನ್ನುತ್ತಿದ್ದರು. ಕೊನೆಗೆ ಒಂದು ದಿನ ಮನೆಯಲ್ಲೇ ಹಾಡು ನುಡಿಸಲು ಹೇಳಿ, ವಿಡಿಯೋ ಮಾಡಿಕೊಂಡು, ಸ್ವಲ್ಪ ದಿನದ ಮೇಲೆ ದಪ್ಪ ಕಾಗದದ ಸರ್ಟಿಫಿಕೇಟ್ ತಂದುಕೊಟ್ಟರು. ಚಿನ್ನದ ಬಣ್ಣದ ಅಂಚು, ಕೆಳಗೆ ಅವರದೇ ಸಹಿ, ಅವರದೇ ಅಕಾಡೆಮಿ ಹೆಸರು. ಯಾವ ಬೋರ್ಡಿನ ಹೆಸರೂ ಇರಲಿಲ್ಲ.

ಪರೀಕ್ಷೆ ನಿಜವಾಗಿ ಹೇಗಿರುತ್ತದೆ ಅನ್ನುವುದನ್ನು ಆಮೇಲೆ ಕೂತು ತಿಳಿದುಕೊಂಡೆ. ನಮ್ಮಲ್ಲಿ ಹೆಚ್ಚಾಗಿ ಮಕ್ಕಳು ಕೊಡುವುದು ಟ್ರಿನಿಟಿ ಅಥವಾ ಅಂಥದ್ದೇ ಇನ್ನೊಂದು ಬೋರ್ಡಾದ ಎಬಿಆರ್‌ಎಸ್‌ಎಂ ಪರೀಕ್ಷೆ. ಎರಡರಲ್ಲೂ ಇನಿಷಿಯಲ್ ಅಂತ ಒಂದು ಮೆಟ್ಟಿಲು, ಆಮೇಲೆ 1ರಿಂದ 8ರ ತನಕ ಗ್ರೇಡ್. ಬರೀ ಹಾಡು ನುಡಿಸಿದರೆ ಮುಗಿಯುವುದಿಲ್ಲ. ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್‌ನಲ್ಲಿ ಮೂರು ಪೀಸ್ (ಕೃತಿ), ಸ್ಕೇಲ್‌ಗಳು, ಮೊದಲು ನೋಡಿರದ ಸಾಲನ್ನು ಅಲ್ಲೇ ಓದಿ ನುಡಿಸುವುದು, ಕಿವಿಯಿಂದ ಕೇಳಿ ಉತ್ತರ ಕೊಡುವುದು, ಎಲ್ಲ ಇರುತ್ತದೆ. 150ಕ್ಕೆ 100 ಬಂದರೆ ಪಾಸು. ಟ್ರಿನಿಟಿಯಲ್ಲಿ 100ಕ್ಕೆ 60. ವಿಡಿಯೋ ಕಳಿಸಿ ಕೊಡುವ ಪರೀಕ್ಷೆಯೂ ಎರಡೂ ಕಡೆ ಇದೆ, ಅದಕ್ಕೇ ನಮ್ಮ ಮೇಷ್ಟ್ರು ವಿಡಿಯೋ ಮಾಡಿದಾಗ ಅನುಮಾನ ಬರಲಿಲ್ಲ. ಆದರೆ ಹೇಗೆ ಕೊಟ್ಟರೂ ಬೋರ್ಡಿನ ಬುಕಿಂಗ್ ಇರಲೇಬೇಕು. ಪರೀಕ್ಷೆ ಆದಮೇಲೆ ಒಂದೊಂದು ಭಾಗಕ್ಕೂ ಎಷ್ಟು ಅಂಕ ಅಂತ ಪರೀಕ್ಷಕರ ಮಾತುಗಳ ಜೊತೆ ರಿಪೋರ್ಟ್ ಬರುತ್ತದೆ. ಇವೆರಡೂ ಇಲ್ಲ ಅಂದರೆ ಪರೀಕ್ಷೆಯೇ ಆಗಿಲ್ಲ. ಫೀಸು ಎಷ್ಟು ಅನ್ನುವುದನ್ನು ಮೇಷ್ಟ್ರನ್ನು ಕೇಳಬೇಡಿ, ಬೋರ್ಡಿನ ವೆಬ್‌ಸೈಟಿನಲ್ಲೇ ನೋಡಿ.

ಇದೆಲ್ಲ ಇಟ್ಟುಕೊಂಡು ಅವರಿಗೆ ಫೋನ್ ಮಾಡಿದೆ. ಮೊದಲು "ಟೆನ್ಷನ್ ತಗೋಬೇಡಿ ಮೇಡಂ" ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ದುಡ್ಡು ಕಳಿಸುವಾಗ ನನ್ನ ಗಂಡ ಯುಪಿಐನಲ್ಲಿ "ಪಿಯಾನೋ ಎಕ್ಸಾಂ ಫೀಸ್" ಅಂತ ಬರೆದಿದ್ದರು. ಆ ಸ್ಕ್ರೀನ್‌ಶಾಟ್ ಕಳಿಸಿ, 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇವೆ ಅಂತ ಮೆಸೇಜ್ ಹಾಕಿದ ಮೇಲೆ ಪರೀಕ್ಷೆ ಫೀಸು ವಾಪಸ್ ಬಂತು. ಮುಂಗಡ ಕೊಟ್ಟ ಕ್ಲಾಸಿನ ಫೀಸು ಬರಲಿಲ್ಲ. ಅದಕ್ಕೆ ರಸೀದಿಯೂ ಇಲ್ಲ, ಬರಹದಲ್ಲಿ ಒಂದು ಮಾತೂ ಇಲ್ಲ, ಅರ್ಧ ಕ್ಯಾಶ್ ಕೊಟ್ಟಿದ್ದೆವು.

ದೊಡ್ಡವರಿಗೂ ಇದೇ ಗತಿ, ರೂಪ ಮಾತ್ರ ಬೇರೆ. ನಮ್ಮ ಅತ್ತಿಗೆ ಬ್ಯಾಂಕ್ ಕೆಲಸದಿಂದ ರಿಟೈರ್ ಆದಮೇಲೆ ಚಿಕ್ಕಂದಿನ ಆಸೆ ಅಂತ ಇನ್ನೊಬ್ಬರ ಹತ್ತಿರ ಸೇರಿದ್ದರು. "ಈ ವಯಸ್ಸಿಗೆ ನೋಟೇಶನ್ ಯಾಕೆ ಆಂಟಿ, ಹಾಡು ಬಂದರೆ ಸಾಕಲ್ವಾ" ಅಂತ ಹೇಳಿ ನಂಬರ್ ಬರೆದುಕೊಟ್ಟು ಒತ್ತಿಸುತ್ತಿದ್ದರಂತೆ. ಲೆಕ್ಕಪತ್ರವೇ ಜೀವನವಾಗಿದ್ದ ಹೆಂಗಸಿಗೆ ಎರಡು ಸಾಲು ಸ್ವರ ಓದಲು ಬರುವುದಿಲ್ಲ ಅಂತ ಇವರು ಹೇಗೆ ತೀರ್ಮಾನ ಮಾಡಿದರು? ದೊಡ್ಡವರ ಬೆರಳು ನಿಧಾನ ಇರಬಹುದು, ಓದುವುದನ್ನು ಅವರು ಚೆನ್ನಾಗಿಯೇ ಕಲಿಯುತ್ತಾರೆ. ಈ ವಯಸ್ಸಿಗೆ ನೋಟೇಶನ್ ಯಾಕೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಈಗ ಮಗಳು ಬೇರೆ ಟೀಚರ್ ಹತ್ತಿರ ಹೋಗುತ್ತಿದ್ದಾಳೆ, ಇನಿಷಿಯಲ್‌ನಿಂದ ಮತ್ತೆ ಶುರು. ಇವರನ್ನು ಒಪ್ಪಿಕೊಳ್ಳುವ ಮುಂಚೆ ಒಂದು ಟ್ರಯಲ್ ಕ್ಲಾಸಿಗೆ ದುಡ್ಡು ಕೊಟ್ಟು ಪೂರ್ತಿ ಹೊತ್ತು ಪಕ್ಕದಲ್ಲೇ ಕೂತಿದ್ದೆ. ಅವರು ಮೊದಲು ಸ್ಟೂಲಿನ ಎತ್ತರ ಸರಿ ಮಾಡಿದರು, ಕಾಲು ತೂಗಾಡುತ್ತಿದ್ದುದಕ್ಕೆ ಕೆಳಗೆ ಒಂದು ಮಣೆ ಇಟ್ಟರು, ಮಣಿಕಟ್ಟು ಸಡಿಲ ಬಿಡಲು ಹೇಳಿದರು. ತಮ್ಮ ಪರೀಕ್ಷೆಯ ರಿಪೋರ್ಟನ್ನು ಕೇಳುವ ಮುಂಚೆಯೇ ತೋರಿಸಿದರು. ಹಳೆಯ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರ ನಂಬರ್ ಕೇಳಿದರೆ ಬೇಜಾರು ಮಾಡಿಕೊಳ್ಳಲಿಲ್ಲ. ಫೀಸು ತಿಂಗಳು ತಿಂಗಳು, ರಜೆ ಆದರೆ ಏನು ಅನ್ನುವುದು ಮೆಸೇಜಿನಲ್ಲಿ ಬರೆದಿದೆ. ಕ್ಲಾಸು ನಡೆಯುವಾಗ ರೂಮಿನ ಬಾಗಿಲು ತೆರೆದೇ ಇರುತ್ತದೆ, ಇದನ್ನು ಯಾರ ಹತ್ತಿರ ಹೋದರೂ ಬಿಟ್ಟುಕೊಡಬೇಡಿ.

ನಿಮ್ಮ ಮಗು ಈಗಾಗಲೇ ಯಾರ ಹತ್ತಿರವಾದರೂ ಕಲಿಯುತ್ತಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಸ್ಟಿಕ್ಕರ್ ಕಿತ್ತುಹಾಕಿ, ಪುಸ್ತಕದಲ್ಲಿ ಇನ್ನೂ ಕಲಿಯದ ಒಂದು ಸಣ್ಣ ಸಾಲು ತೋರಿಸಿ, ನಿಧಾನಕ್ಕೆ ಓದಿ ನುಡಿಸಲು ಹೇಳಿ. ತಪ್ಪಲಿ, ತಡವರಿಸಲಿ, ಪರವಾಗಿಲ್ಲ. ಆರು ತಿಂಗಳು ಕಲಿತ ಮೇಲೂ ಒಂದು ಸ್ವರವನ್ನೂ ಗುರುತಿಸಲು ಆಗದಿದ್ದರೆ ಮಗುವನ್ನು ಬಯ್ಯಬೇಡಿ, ಮೇಷ್ಟ್ರನ್ನು ಕೇಳಿ.

ನಮ್ಮ ಹಳೆಯ ಮೇಷ್ಟ್ರು ಈಗ ಬೇರೆ ಏರಿಯಾದ ಗ್ರೂಪುಗಳಲ್ಲಿ ಹೊಸ ಬ್ಯಾಚ್ ಅಂತ ಜಾಹೀರಾತು ಹಾಕುತ್ತಿದ್ದಾರೆ. ಆರು ತಿಂಗಳದ್ದು ಒಟ್ಟಿಗೆ ಕೊಟ್ಟರೆ ಒಂದು ತಿಂಗಳು ಫ್ರೀ ಅಂತ ಅದರಲ್ಲೂ ಇದೆ. ಅಂಥದ್ದು ನಿಮ್ಮ ಗ್ರೂಪಿಗೆ ಬಂದರೆ ದುಡ್ಡು ಕಳಿಸುವ ಮುಂಚೆ ಬೋರ್ಡಿನ ರಿಪೋರ್ಟ್ ತೋರಿಸಿ ಅಂತ ಎಲ್ಲರ ಎದುರಿಗೇ, ಗ್ರೂಪಿನಲ್ಲೇ ಕೇಳಿ.